ಮರಿ ಹೇಂಟೆಯೋ ಹುಂಜವೋ? ಹಣ ಕೊಡುವ ಮುಂಚೆ ತಿಳಿಯಬೇಕು

ಮುಂಗಾರಿನ ಬಿತ್ತನೆ ಮುಗಿದು ಕೈ ಸ್ವಲ್ಪ ಬಿಡುವಾಗುತ್ತಲೇ ಹಳ್ಳಿಗಳಲ್ಲಿ ಕೋಳಿಮರಿ ಮಾರುವವರು ಕಾಣಿಸಿಕೊಳ್ಳುತ್ತಾರೆ. ಹಿಂದೆ ಬಿದಿರಿನ ಮಂಕರಿ ಹೊತ್ತು ಬರುತ್ತಿದ್ದರು. ಈಗ ಮೂರು ಚಕ್ರದ ವಾಹನಕ್ಕೆ ಧ್ವನಿವರ್ಧಕ ಕಟ್ಟಿಕೊಂಡು ಬರುತ್ತಾರೆ. ಕೂಗುವ ಮಾತು ಮಾತ್ರ ಅಂದಿನದೇ: ಎಲ್ಲಾ ಹೇಂಟೆ ಮರಿ, ಐದು ತಿಂಗಳಿಗೆ ಮೊಟ್ಟೆ.

ನಾನು ಕೆಲಸ ಮಾಡುವ ಹೋಬಳಿಯ ಒಂದು ಊರಿನಲ್ಲಿ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಈ ಮಾತನ್ನು ನಂಬಿ, ಸಂಘದಲ್ಲಿ ಸಾಲ ಎತ್ತಿ, 25 ಮರಿ ಕೊಂಡರು. ಚೀಟಿ ಕೇಳಲಿಲ್ಲ, ಕೊಟ್ಟವನೂ ಕೊಡಲಿಲ್ಲ. ಮೊದಲ ಎರಡು ವಾರದಲ್ಲಿ ಆರು ಮರಿ ಸತ್ತವು. ಉಳಿದ 19ನ್ನು ಆಕೆ ಮಕ್ಕಳಂತೆ ಸಾಕಿದರು. ರಾತ್ರಿ ಬಲ್ಬು ಉರಿಸಿ ಕಾವು ಕೊಟ್ಟರು, ಅಂಗಡಿಯಿಂದ ಮರಿಗಳ ಆಹಾರ ತಂದು ಹಾಕಿದರು. ಆರನೆಯ ವಾರ ದಾಟುವ ಹೊತ್ತಿಗೆ ಒಂದೊಂದಾಗಿ ಜುಟ್ಟು ಕೆಂಪೇರತೊಡಗಿತು. ಮೂರು ತಿಂಗಳಿಗೆ ಕೇರಿಗೆಲ್ಲ ಕೇಳುವಂತೆ ಕೂಗತೊಡಗಿದವು. ಹತ್ತೊಂಬತ್ತರಲ್ಲಿ ಹದಿನೆಂಟು ಹುಂಜ, ಒಂದೇ ಒಂದು ಹೇಂಟೆ. ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದ್ದ ಅಜ್ಜಿಗೂ ಒಂದು ಹುಂಜ ಸಾಕಾಗಿತ್ತು.

ಆಕೆ ನನ್ನನ್ನು ಎರಡು ಪ್ರಶ್ನೆ ಕೇಳಿದರು. ಇದು ನನ್ನ ಹಣೆಬರಹವೋ, ಅವನ ಮೋಸವೋ ಎಂಬುದು ಮೊದಲನೆಯದು. ಕಾಲೇಜಿಗೆ ಹೋಗುವ ಅವರ ಮಗ ಎಲ್ಲೋ ಓದಿದ್ದ. ರಕ್ತದ ಹನಿಯಿಂದ ಹಕ್ಕಿಯ ಲಿಂಗ ತಿಳಿಯುವ ಪರೀಕ್ಷೆ ಇದೆಯಂತೆ, ಅದನ್ನು ಮೊದಲೇ ಮಾಡಿಸಿದ್ದರೆ ಆಗುತ್ತಿತ್ತೇ ಎಂಬುದು ಎರಡನೆಯದು. ಇವೆರಡೂ ಬಹಳ ಮನೆಗಳ ಪ್ರಶ್ನೆಗಳು. ಆದುದರಿಂದ ಈ ವಾರದ ಪುಟವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಮೊದಲನೆಯದಕ್ಕೆ ಉತ್ತರ ಲೆಕ್ಕದಲ್ಲಿದೆ. ಕಾವಿನಿಂದ ಹೊರಬರುವ ಮರಿಗಳಲ್ಲಿ ಹೆಣ್ಣು-ಗಂಡು ಹೆಚ್ಚುಕಡಿಮೆ ಸರಿಸಮ. ಹಾಗೆಂದು 20 ಮರಿ ಕೊಂಡವರಿಗೆ ಹತ್ತೇ ಹೇಂಟೆ ಬರಬೇಕೆಂದಿಲ್ಲ. ಬೆರಕೆ ಗುಂಪಿನಿಂದ ಕಣ್ಣು ಮುಚ್ಚಿ 20 ಮರಿ ಎತ್ತಿದರೆ ನೂರಕ್ಕೆ 95 ಸಲ ಹೇಂಟೆಗಳ ಸಂಖ್ಯೆ 6ರಿಂದ 14ರ ಒಳಗಿರುತ್ತದೆ. ಆರೇ ಬಂದರೆ ಅದು ದುರದೃಷ್ಟ, ಯಾರನ್ನೂ ದೂರಲಾಗದು. ಆದರೆ 19ರಲ್ಲಿ ಒಂದೇ ಹೇಂಟೆ, ಅಥವಾ ಅದೂ ಇಲ್ಲದೆ ಹೋಗುವುದು ಇಪ್ಪತ್ತಾರು ಸಾವಿರ ಸಲಕ್ಕೆ ಒಮ್ಮೆ ಆಗುವ ಮಾತು. ಆಕೆಯ ಮರಿಗಳು ಬೆರಕೆ ಗುಂಪಿನವಲ್ಲ. ಹೇಂಟೆಗಳನ್ನು ಆರಿಸಿ ತೆಗೆದ ಮೇಲೆ ಉಳಿದ ಗುಂಪಿನವು. ಆರಿಸಿದವರು ಯಾರು, ಎಲ್ಲಿ ಎಂಬುದನ್ನೂ ತಿಳಿಯಬೇಕು.

ಮೊಟ್ಟೆಗೆಂದೇ ಬೆಳೆಸಿದ ತಳಿಗಳ ಹೇಂಟೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಅದೇ ತಳಿಯ ಹುಂಜ ಮೊಟ್ಟೆ ಇಡುವುದಿಲ್ಲ. ತಿಂದಷ್ಟಕ್ಕೆ ತಕ್ಕ ಮಾಂಸವನ್ನೂ ಕಟ್ಟಿಕೊಳ್ಳುವುದಿಲ್ಲ. ಆದುದರಿಂದ ಅಂತಹ ತಳಿಯ ಮರಿ ಮಾಡುವ ಕೇಂದ್ರಗಳು ಮೊದಲ ದಿನವೇ ಹೆಣ್ಣು-ಗಂಡು ಬೇರ್ಪಡಿಸುತ್ತವೆ. ಹೇಂಟೆಗಳು ದೊಡ್ಡ ಫಾರಂಗಳಿಗೆ ಹೋಗುತ್ತವೆ. ಗಂಡುಮರಿಗಳನ್ನು ಕೊಲ್ಲುವುದುಂಟು, ಕಾಸಿಗೊಂದರಂತೆ ಮಾರಿಬಿಡುವುದೂ ಉಂಟು. ಜಾತ್ರೆ, ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳ ಆಟಕ್ಕೆಂದು ಮಾರುವ ಮರಿಗಳು ಸಾಮಾನ್ಯವಾಗಿ ಇವೇ. ಅವೇ ಮರಿಗಳು ಬಣ್ಣವಿಲ್ಲದೆ ಇನ್ನೊಂದು ಗಾಡಿಯಲ್ಲಿ ಹೇಂಟೆಯ ಹೆಸರಿನಲ್ಲಿ ಬಂದರೆ, ಒಂದು ದಿನದ ಮರಿಯನ್ನು ಕಣ್ಣಿನಿಂದ ನೋಡಿ ಹೇಳುವವರು ಊರಿನಲ್ಲಿ ಯಾರಿದ್ದಾರೆ? ಉದ್ದ ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂದು ಹೇಳುವ ಹಿರಿಯರಿದ್ದಾರೆ. ಸೂಜಿ-ದಾರ ತೂಗಿ ನೋಡುವವರೂ ಇದ್ದಾರೆ. ಎರಡರಲ್ಲೂ ಹುರುಳಿಲ್ಲ. ಮೊಟ್ಟೆಯ ಆಕಾರ ತಾಯಿಕೋಳಿಯ ಗರ್ಭನಾಳವನ್ನು ಅವಲಂಬಿಸಿದ್ದೇ ಹೊರತು ಒಳಗಿನ ಮರಿಯನ್ನಲ್ಲ.

ಈಗ ಮಗನ ಪ್ರಶ್ನೆಗೆ ಬರೋಣ. ಕೋಳಿಯ ಪ್ರತಿ ಜೀವಕೋಶದಲ್ಲೂ 39 ಜೋಡಿ ವರ್ಣತಂತುಗಳಿವೆ. ಅವುಗಳಲ್ಲಿ ಒಂದು ಜೋಡಿ ಲಿಂಗವನ್ನು ನಿರ್ಧರಿಸುತ್ತದೆ. ಹುಂಜದಲ್ಲಿ ಆ ಜೋಡಿಯ ಎರಡೂ ಒಂದೇ ಬಗೆ. ಅದಕ್ಕೆ ಝಡ್ ಎಂದು ಹೆಸರಿಟ್ಟಿದ್ದಾರೆ. ಹೇಂಟೆಯಲ್ಲಿ ಒಂದು ಝಡ್, ಇನ್ನೊಂದು ಅದಕ್ಕಿಂತ ಚಿಕ್ಕದಾದ ಡಬ್ಲ್ಯೂ. ತಾಯಿಯಿಂದ ಝಡ್ ಬಂದರೆ ಮರಿ ಹುಂಜ, ಡಬ್ಲ್ಯೂ ಬಂದರೆ ಹೇಂಟೆ. ಎಂದರೆ ಕೋಳಿಗಳಲ್ಲಿ ಮರಿಯ ಲಿಂಗ ತಾಯಿಯಿಂದ ನಿರ್ಧಾರವಾಗುತ್ತದೆ. ಮನುಷ್ಯರಲ್ಲಿ ಇದು ತಿರುಗುಮುರುಗು, ಅಲ್ಲಿ ನಿರ್ಧಾರ ತಂದೆಯ ಕಡೆಯದು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವ ಮನೆಗಳು ಇನ್ನೂ ಇರುವುದರಿಂದ ಈ ಮಾತನ್ನು ಇಲ್ಲಿ ಸೇರಿಸಿದ್ದೇನೆ.

ಝಡ್ ಮತ್ತು ಡಬ್ಲ್ಯೂ ಎರಡರಲ್ಲೂ ಇರುವ ಒಂದು ವಂಶವಾಹಿ ಇದೆ. ವಿಜ್ಞಾನಿಗಳು ಅದನ್ನು ಸಿಎಚ್‌ಡಿ ಎನ್ನುತ್ತಾರೆ. ಅದರ ನಡುವಿನ ಒಂದು ತುಂಡು ಝಡ್‌ನಲ್ಲಿ ಒಂದು ಉದ್ದ, ಡಬ್ಲ್ಯೂನಲ್ಲಿ ಇನ್ನೊಂದು ಉದ್ದ. ಪ್ರಯೋಗಶಾಲೆಯಲ್ಲಿ ಆ ತುಂಡನ್ನು ಪಿಸಿಆರ್ ಎಂಬ ಯಂತ್ರದಲ್ಲಿ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ, ಜೆಲ್ಲಿಯಂತಹ ಹಾಳೆಯ ಮೇಲೆ ವಿದ್ಯುತ್ ಹರಿಸಿ ಓಡಿಸುತ್ತಾರೆ. ಚಿಕ್ಕ ತುಂಡು ಮುಂದೆ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಒಂದೇ ಗೆರೆ ಕಂಡರೆ ಹುಂಜ, ಎರಡು ಗೆರೆ ಕಂಡರೆ ಹೇಂಟೆ. 1998ರಲ್ಲಿ ಈ ವಿಧಾನವನ್ನು ಹೆಚ್ಚಿನ ಎಲ್ಲ ಜಾತಿಯ ಹಕ್ಕಿಗಳಿಗೂ ಬಳಸಬಹುದೆಂದು ಪ್ರಕಟಿಸಿದ ಮೇಲೆ ಅದು ಪ್ರಪಂಚದಾದ್ಯಂತ ಬಳಕೆಗೆ ಬಂತು. ಹೆಚ್ಚು ರಕ್ತ ಬೇಕಾಗಿಲ್ಲ. ಮನುಷ್ಯರ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಹಕ್ಕಿಯದರಲ್ಲಿ ಇದೆ. ಆದುದರಿಂದ ಒಂದು ಸಣ್ಣ ಹನಿಯಲ್ಲೇ ಬೇಕಾದಷ್ಟು ಡಿಎನ್ಎ ಸಿಗುತ್ತದೆ. ಬೆಳೆದ ಹಕ್ಕಿಯಾದರೆ ಬುಡಸಮೇತ ಕಿತ್ತ ಎರಡು ಮೂರು ಗರಿ ಸಾಕು. ಉದುರಿದ ಗರಿ ನಂಬಿಕೆಗೆ ಬಾರದು.

ವಾಚನಾಲಯದಲ್ಲಿ ಒಬ್ಬರು ಅನುಮಾನದಿಂದ ಕೇಳಿದ್ದರು, ಲಿಂಗ ಪತ್ತೆ ಅಪರಾಧವಲ್ಲವೇ ಎಂದು. 1994ರ ಕಾಯ್ದೆ ಮನುಷ್ಯರ ಭ್ರೂಣಕ್ಕೆ ಸಂಬಂಧಿಸಿದ್ದು. ಕೋಳಿ, ಪಾರಿವಾಳಗಳಿಗೆ ಅದರ ಅಡ್ಡಿಯಿಲ್ಲ.

ಪರೀಕ್ಷೆ ಖಚಿತವೆಂಬುದೇನೋ ನಿಜ. ಹುಂಜದಂತೆ ಜುಟ್ಟು ಬೆಳೆಸಿ ಕೂಗುವ ಹೇಂಟೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅಂಡಾಶಯ ಕೆಟ್ಟಾಗ ಹಾಗಾಗುವುದುಂಟು. ಕಣ್ಣು ಅದನ್ನು ಹುಂಜವೆನ್ನುತ್ತದೆ, ಡಿಎನ್ಎ ಹೇಂಟೆ ಎಂದೇ ಹೇಳುತ್ತದೆ. ಆದರೆ ಖಚಿತವಾದುದೆಲ್ಲವೂ ನಮ್ಮ ಹಿತ್ತಿಲಿಗೆ ಲಾಭದ್ದಲ್ಲ. ಒಂದು ಹಕ್ಕಿಯ ಪರೀಕ್ಷೆಗೆ ನೂರಾರು ರೂಪಾಯಿ ಬೀಳುತ್ತದೆ. ಮರಿಯ ಬೆಲೆ ಕೆಲವು ಹತ್ತು ರೂಪಾಯಿ. ಎತ್ತಿಗಿಂತ ಮೂಗುದಾರಕ್ಕೆ ಹೆಚ್ಚು ಖರ್ಚು ಮಾಡಿದ ಹಾಗಾಗುತ್ತದೆ. ಆ ತಾಯಿ 25 ಮರಿಗಳಿಗೂ ಪರೀಕ್ಷೆ ಮಾಡಿಸಿದ್ದರೆ ಸಾಲ ಹತ್ತು ಪಟ್ಟಾಗುತ್ತಿತ್ತು. ಅಲ್ಲದೆ ಸುಮ್ಮನೆ ಆರು ವಾರ ಕಾದರೂ ಹಗುರ ತಳಿಗಳಲ್ಲಿ ಜುಟ್ಟಿನಿಂದಲೇ ಲಿಂಗ ತಿಳಿಯುತ್ತದೆ.

ಹಾಗಾದರೆ ಈ ಪರೀಕ್ಷೆ ಯಾರಿಗೆ? ಗಂಡು-ಹೆಣ್ಣು ನೋಟಕ್ಕೆ ಒಂದೇ ಇರುವ, ಜೋಡಿಗೆ ಸಾವಿರಾರು ರೂಪಾಯಿ ಬಾಳುವ ಸಾಕುಹಕ್ಕಿಗಳನ್ನು ಮರಿ ಮಾಡಿಸುವವರಿಗೆ ಇದು ನಿಜವಾಗಿ ಬೇಕು. ಕೋಳಿಯಲ್ಲಿ ತಾಯಿತಳಿ ಸಾಕುವ ಕೇಂದ್ರಗಳಿಗೆ, ಸಂಶೋಧನೆಗೆ ಬೇಕು. ರೈತರಿಗೆ ಉಪಯೋಗವಾಗುವುದು ಒಂದೇ ಸಂದರ್ಭದಲ್ಲಿ: ಸಂಘವೋ, ನಾಲ್ಕಾರು ಮನೆಯವರು ಕೂಡಿಯೋ ಮೊಟ್ಟೆ ತಳಿಯ 500 ಹೇಂಟೆ ಮರಿ ಎಂದು ಹಣ ಕಟ್ಟಿ ತಂದಾಗ. ಅವುಗಳಲ್ಲಿ ಅರ್ಧ ಹುಂಜವಾಗಿದ್ದರೆ, ಆರು ವಾರದ ಹೊತ್ತಿಗೆ ಮರಿಯೊಂದಕ್ಕೆ ಸುಮಾರು ಒಂದು ಕಿಲೋ ಆಹಾರದಂತೆ, 50 ಕಿಲೋ ತೂಕದ ಐದು ಮೂಟೆ ಆಹಾರ ನೀರಿನಲ್ಲಿ ಹೋಮ. ಬೆಲ್ಲು ಬೆಳಕು, ಲಸಿಕೆ, ಜಾಗ ಇವೆಲ್ಲ ಬೇರೆ. ಅಂತಹ ಗುಂಪಿನಿಂದ ಹತ್ತು ಮರಿಗಳನ್ನು ಆರಿಸದೆ ಎತ್ತಿ, ಪಶುವೈದ್ಯರಿಂದ ಒಂದೊಂದು ಹನಿ ರಕ್ತ ತೆಗೆಸಿ ಕಳುಹಿಸಿದರೆ ಮರಿಗಳು ಇನ್ನೂ ಕಾವುಗೂಡಿನಲ್ಲಿರುವಾಗಲೇ ಉತ್ತರ ಸಿಗುತ್ತದೆ. ನೂರಕ್ಕೆ 95 ಹೇಂಟೆ ಎಂದು ಮಾರಿದ ಗುಂಪಿನ ಹತ್ತರಲ್ಲಿ ಮೂರು ಹುಂಜ ಬಂದರೂ ಸಾಕು, ಮಾರಿದವನ ಮಾತು ಹುಸಿ ಎನ್ನಬಹುದು.

ಇಲ್ಲಿ ಒಂದು ಎಚ್ಚರಿಕೆ. ಖರ್ಚು ಉಳಿಸಲು ಹತ್ತು ಮರಿಗಳ ರಕ್ತವನ್ನು ಒಂದೇ ಸೀಸೆಯಲ್ಲಿ ಬೆರೆಸಿ ಕಳುಹಿಸೋಣವೆಂದು ಯಾರಿಗಾದರೂ ತೋಚಬಹುದು. ಅದರಿಂದ ಪ್ರಯೋಜನವಿಲ್ಲ. ಗುಂಪಿನಲ್ಲಿ ಒಂದು ಹೇಂಟೆಯಿದ್ದರೂ ಎರಡು ಗೆರೆ ಮೂಡುತ್ತದೆ, ಜೊತೆಗಿರುವ ಹುಂಜಗಳೆಲ್ಲ ಅದರ ಮರೆಯಲ್ಲಿ ಅಡಗುತ್ತವೆ. ಒಂದೊಂದು ಮರಿಯ ಹನಿ ಬೇರೆಯಾಗಿರಬೇಕು, ಮರಿಯ ಕಾಲಿಗೆ ಕಟ್ಟಿದ ಸಂಖ್ಯೆಯೇ ಚೀಟಿಯ ಮೇಲೂ ಇರಬೇಕು. ಒಂದರ ರಕ್ತ ಇನ್ನೊಂದಕ್ಕೆ ತಾಗಿದರೆ ಯಂತ್ರವೂ ತಪ್ಪು ಹೇಳುತ್ತದೆ.

ಎಮು ಹಕ್ಕಿಯ ಮಾತನ್ನೂ ಇಲ್ಲಿ ಹೇಳಬೇಕು. 2012ರ ಸುಮಾರಿಗೆ ಕುಸಿದು ಬೀಳುವವರೆಗೆ ದಕ್ಷಿಣ ಭಾರತದಲ್ಲಿ ಎಮು ಸಾಕಣೆಯ ಹುಚ್ಚು ಜೋರಾಗಿತ್ತು. ಮಾರುತ್ತಿದ್ದುದೂ ಜೋಡಿ ಲೆಕ್ಕದಲ್ಲಿ. ಎಮು, ಉಷ್ಟ್ರಪಕ್ಷಿಗಳಲ್ಲಿ ಝಡ್ ಮತ್ತು ಡಬ್ಲ್ಯೂ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಮೇಲೆ ಹೇಳಿದ ಸಿಎಚ್‌ಡಿ ಪರೀಕ್ಷೆ ಅಲ್ಲಿ ನಡೆಯದು, ಅವಕ್ಕೆ ಬೇರೆ ಗುರುತುಗಳನ್ನು ಹುಡುಕಬೇಕು. ಬೆಳೆದ ಎಮುವಿನಲ್ಲಿ ತಮಟೆಯಂತೆ ಗುಂಯ್‌ಗುಡುವುದು ಹೆಣ್ಣು, ಗೊರಗುಡುವುದು ಗಂಡು. ಯಾವುದೇ ಹಕ್ಕಿಯನ್ನು ಡಿಎನ್ಎ ಪ್ರಮಾಣಪತ್ರ ತೋರಿಸಿ ಮಾರಲು ಬಂದವರನ್ನು, ಯಾವ ಪರೀಕ್ಷೆ, ಯಾವ ಹಕ್ಕಿಯದು ಎಂದು ಕೇಳುವುದು ತಪ್ಪಲ್ಲ.

ಮರಿ ಕೇಂದ್ರಗಳು ದಿನಕ್ಕೆ ಸಾವಿರಾರು ಮರಿಗಳನ್ನು ಬೇರ್ಪಡಿಸುವುದು ಡಿಎನ್ಎಯಿಂದಲ್ಲ. ಅದಕ್ಕೆ ಹಳೆಯ, ಅಗ್ಗದ ವಿದ್ಯೆಗಳಿವೆ. ಜಪಾನಿನ ಮಸುಯಿ ಮತ್ತು ಹಶಿಮೊಟೊ 1920ರ ದಶಕದಲ್ಲಿ ಮರಿಯ ಗುದದ್ವಾರವನ್ನು ಬೆರಳಿನಿಂದ ಅರಳಿಸಿ, ಒಳಗಿನ ಸಾಸಿವೆಗಿಂತ ಚಿಕ್ಕ ಗುಬುಟನ್ನು ನೋಡಿ ಗಂಡನ್ನು ಗುರುತಿಸುವ ಕ್ರಮವನ್ನು ರೂಢಿಗೆ ತಂದರು. ಪಳಗಿದ ಕೈ ಗಂಟೆಗೆ 800ರಿಂದ 1,000 ಮರಿ ನೋಡಬಲ್ಲದು. ಪಳಗದ ಕೈ ಮರಿಯ ಕರುಳು ಕೆಡಿಸುತ್ತದೆ. ದಯವಿಟ್ಟು ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ.

ಇನ್ನೊಂದು ದಾರಿ ವಂಶವಾಹಿಯದೇ, ಆದರೆ ಯಂತ್ರ ಬೇಡ. ಝಡ್ ವರ್ಣತಂತುವಿನ ಮೇಲೆ ಕೂತ ಗುಣಗಳು ತಾಯಿಯಿಂದ ಗಂಡುಮಕ್ಕಳಿಗೆ ಮಾತ್ರ ಹೋಗುತ್ತವೆ. ಬಿಳಿ-ಕಪ್ಪು ಪಟ್ಟೆಯ ಪ್ಲಿಮತ್ ರಾಕ್ ಹೇಂಟೆಗೆ ರೋಡ್ ಐಲೆಂಡ್ ಕೆಂಪು ಹುಂಜ ಬಿಟ್ಟರೆ, ತಲೆಯ ಮೇಲೆ ಬಿಳಿ ಚುಕ್ಕೆಯಿರುವ ಮರಿಗಳೆಲ್ಲ ಹುಂಜ, ಚುಕ್ಕೆಯಿಲ್ಲದವು ಹೇಂಟೆ. ಹುಂಜ-ಹೇಂಟೆಗಳನ್ನು ಅದಲುಬದಲು ಮಾಡಿದರೆ ಈ ಗುರುತು ಸಿಗದು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದವಸಕ್ಕೆ ಅಭಾವವಾದಾಗ, ಬೇಡದ ಹುಂಜಮರಿಗಳಿಗೆ ಮೇವು ವ್ಯರ್ಥವಾಗದಿರಲೆಂದು ಕೇಂಬ್ರಿಜ್‌ನ ಪನ್ನೆಟ್ ಇಂತಹ ಬಣ್ಣದ ಗುರುತನ್ನು ಬಳಸಲು ಸಲಹೆ ಕೊಟ್ಟಿದ್ದರು. ರೆಕ್ಕೆಯ ಗರಿ ನೋಡುವ ಕ್ರಮವೂ ಇದೇ ತತ್ವದ್ದು. ಅದಕ್ಕಾಗಿಯೇ ಜೋಡಿಸಿದ ತಳಿಯಲ್ಲಿ ಹೇಂಟೆಮರಿಯ ರೆಕ್ಕೆಯಂಚಿನ ಉದ್ದ ಗರಿಗಳು ಮೇಲ್ಹೊದಿಕೆಯ ಗರಿಗಳಿಗಿಂತ ಮುಂದೆ ಚಾಚಿರುತ್ತವೆ. ಹುಂಜದಲ್ಲಿ ಎರಡೂ ಸಮ, ಇಲ್ಲವೇ ಮೇಲಿನವೇ ಉದ್ದ. ಮೊದಲ ಎರಡು ಮೂರು ದಿನ ಮಾತ್ರ ಇದು ಕಾಣುತ್ತದೆ. ನಾಟಿ ಮರಿಯಲ್ಲಿಯೋ, ಬೇರೆ ತಳಿಯಲ್ಲಿಯೋ ಇದೇ ಗುರುತು ನೋಡಿ ತೀರ್ಮಾನಿಸಿದರೆ ಮೋಸ ಹೋಗುವಿರಿ. ಮಾರಾಟಗಾರ ರೆಕ್ಕೆ ಬಿಡಿಸಿ ತೋರಿಸಿದರೆ, ಇದು ಗರಿಯಿಂದ ಗುರುತಿಸುವ ತಳಿಯೇ ಎಂದು ಮೊದಲು ಕೇಳಿ.

ಪಶ್ಚಿಮದಲ್ಲಿ ಈ ವಿದ್ಯೆ ಮೊಟ್ಟೆಯ ಒಳಕ್ಕೇ ಇಳಿದಿದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆಂದು ಅಂದಾಜು. ಜರ್ಮನಿ 2022ರ ಜನವರಿ 1ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿತು. ಅಲ್ಲಿ ಕಾವಿಗಿಟ್ಟ ಒಂಬತ್ತನೆಯ ದಿನದ ಸುಮಾರಿಗೆ ಚಿಪ್ಪಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಂದು ಹನಿ ದ್ರವ ತೆಗೆದು, ಅದರ ಡಿಎನ್ಎಯನ್ನೋ ಹಾರ್ಮೋನನ್ನೋ ಪರೀಕ್ಷಿಸಿ, ಗಂಡೆಂದು ತಿಳಿದ ಮೊಟ್ಟೆಗಳನ್ನು ಮರಿಯಾಗುವ ಮುಂಚೆಯೇ ತೆಗೆಯುವ ಯಂತ್ರಗಳು ಬಂದಿವೆ. ಖರ್ಚನ್ನು ಅಲ್ಲಿನ ಗ್ರಾಹಕ ಮೊಟ್ಟೆಯ ಬೆಲೆಯಲ್ಲಿ ಹೊರುತ್ತಾನೆ. ನಮ್ಮಲ್ಲಿ ಆ ಖರ್ಚು ಹೊರುವವರು ಯಾರೆಂದು ಹೇಳಲಾಗದೆ ಈ ಯಂತ್ರವನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ನಮ್ಮ ಹಿತ್ತಿಲಿಗೆ ಹತ್ತಿರದ ಉತ್ತರ ಬೇರೆಯದೇ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ, ಹೈದರಾಬಾದಿನಿಂದ ಬಂದ ವನರಾಜ ಇವೆಲ್ಲ ಹಿತ್ತಿಲಿಗೆಂದೇ ಬೆಳೆಸಿದ ತಳಿಗಳು. ಇವುಗಳಲ್ಲಿ ಹೇಂಟೆ ಮೊಟ್ಟೆಗಾಯಿತು, ಹುಂಜ ಮಾಂಸಕ್ಕಾಯಿತು. ಗಿರಿರಾಜ ಮರಿಗಳಲ್ಲಿ ಅರ್ಧ ಹುಂಜ ಬಂದರೆ ಅಳಬೇಕಾದ್ದಿಲ್ಲ. ಹಬ್ಬದ ಮುಂದೆ ಒಂದೊಂದಾಗಿ ಮಾರಿದರೆ ಹೇಂಟೆಗಳ ಆಹಾರದ ಖರ್ಚು ಹುಂಜಗಳೇ ಕೊಡುತ್ತವೆ. ಲಿಂಗದ ಪ್ರಶ್ನೆ ಕುತ್ತಿಗೆಗೆ ಬರುವುದು ಬರೀ ಮೊಟ್ಟೆಯ ತಳಿ ಕೊಂಡಾಗ. ಆದುದರಿಂದ ಮರಿ ಹೇಂಟೆಯೇ ಎಂದು ಕೇಳುವ ಮುಂಚೆ ತಳಿ ಯಾವುದು ಎಂದು ಕೇಳಬೇಕು.

ಸರ್ಕಾರದ ಕಡೆಗೂ ಎರಡು ಮಾತು ಇವೆ. ಯೋಜನೆಗಳಲ್ಲಿ ಮರಿ ಹಂಚುವಾಗ ಅವು ಹೇಂಟೆಯೋ, ಬೆರಕೆಯೋ ಎಂಬುದನ್ನು ಪಟ್ಟಿಯಲ್ಲಿ ಕನ್ನಡದಲ್ಲಿ ಬರೆಯಬೇಕು. ಬೆರಕೆ ಮರಿ ಕೊಟ್ಟು ಮೊಟ್ಟೆಯ ಲೆಕ್ಕವನ್ನು ಎಲ್ಲ ಮರಿಗಳಿಗೂ ಹಾಕಿ ತೋರಿಸುವ ಪದ್ಧತಿ ನಿಲ್ಲಬೇಕು. ವಿಸ್ತರಣೆಯಲ್ಲಿರುವ ನಾವೂ ಸಭೆಗಳಲ್ಲಿ ಆ ಲೆಕ್ಕ ಹೇಳಿದ್ದೇವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಎರಡನೆಯದಾಗಿ, ಪಶುವೈದ್ಯಕೀಯ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸಂಘಗಳಿಗೆಂದು ಗೊತ್ತಾದ ದರದಲ್ಲಿ ಈ ಪರೀಕ್ಷೆ ನಡೆಯಬೇಕು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹನಿ ರಕ್ತ ತೆಗೆದು ಕಳುಹಿಸುವುದು ದೊಡ್ಡ ಕೆಲಸವೇನಲ್ಲ. ಪ್ರತಿ ಮರಿಗೂ ಅದು ಬೇಡ. ಹತ್ತರಲ್ಲಿ ಒಂದು ಗುಂಪನ್ನು ಪರೀಕ್ಷಿಸುತ್ತಾರೆಂದು ಗೊತ್ತಾದರೆ ಗಾಡಿಯವನ ಕೂಗೂ ಸ್ವಲ್ಪ ಬದಲಾದೀತು.

ಅಲ್ಲಿಯವರೆಗೆ ರೈತರ ಕೈಯಲ್ಲಿರುವ ಆಧಾರ ಚೀಟಿಯೊಂದೇ. ತಳಿಯ ಹೆಸರು, ಮರಿಗಳ ಸಂಖ್ಯೆ, ನೂರಕ್ಕೆ ಎಷ್ಟು ಹೇಂಟೆ, ಯಾವ ಲಸಿಕೆ ಆಗಿದೆ, ಮಾರಿದವರ ವಿಳಾಸ, ದಿನಾಂಕ ಇಷ್ಟೂ ಅದರಲ್ಲಿರಲಿ. ಕೊಡಲು ಒಪ್ಪದವರಿಂದ ಮರಿ ಕೊಳ್ಳಬೇಡಿ. ಜೀವನೋಪಾಯಕ್ಕೆಂದು ತಾವೇ ಸಾಕಲು ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಚೀಟಿಯಿಲ್ಲದಿದ್ದರೆ ಯಾವ ಡಿಎನ್ಎಯೂ ಅಲ್ಲಿ ನೆರವಿಗೆ ಬಾರದು, ಏಕೆಂದರೆ ಮರಿ ಹುಂಜವೆಂದು ಪರೀಕ್ಷೆ ಹೇಳಬಲ್ಲದೇ ಹೊರತು ಅದನ್ನು ಹೇಂಟೆಯೆಂದು ಮಾರಿದವರು ಯಾರೆಂದು ಹೇಳಲಾರದು.

ಆ ತಾಯಿ ಹದಿನೆಂಟು ಹುಂಜಗಳನ್ನು ಬಂದ ಬೆಲೆಗೆ ಮಾರಿದರು, ತಿಂದ ಆಹಾರದ ಹಣವೂ ಹುಟ್ಟಲಿಲ್ಲ. ಸಂಘಕ್ಕೆ ಇನ್ನೂ ನಾಲ್ಕು ಕಂತು ಬಾಕಿ ಇದೆ. ಮುಂದಿನ ತಿಂಗಳು ಬೆರಕೆ ಗಿರಿರಾಜ ಮರಿ ಇಪ್ಪತ್ತು ತರಿಸಬೇಕೆಂದಿದ್ದಾರೆ. ಚೀಟಿ ಬರೆಸಲು ಮಗನನ್ನೂ ಜೊತೆಗೆ ಕರೆದೊಯ್ಯುತ್ತಾರಂತೆ. ಆ ಒಂದು ಹೇಂಟೆ ಈಗ ಮೊಟ್ಟೆಗೆ ಬಂದಿದೆ.